ಎಲ್ಲೆಲ್ಲೂ ಇರುವವರು

ಪ್ರತಿ ಸೋಮವಾರ ಬೆಳಿಗ್ಗೆ ನಮ್ಮ ಇಂಗ್ಲಿಷ್ ವಿಭಾಗದ ಮುಖ್ಯಸ್ಥೆ ರತ್ನಾಯಕೆ ಮೇಡಂ ಹತ್ತು ಪದಗಳ ಪಟ್ಟಿಯೊಂದನ್ನು ನಮ್ಮ ಮೇಜಿನ ಮೇಲೆ ಇಟ್ಟು ಹೋಗುತ್ತಾರೆ. ಆ ವಾರ ಮೊದಲ ವರ್ಷದ ಮಕ್ಕಳಿಗೆ ಅಷ್ಟನ್ನೂ ಕಲಿಸಬೇಕು. ಪಟ್ಟಿ ಮಾಡಿದವರು ಯಾವ ದೇಶದವರೋ, ಅವರಿಗೆ ಏನು ತೋಚಿತ್ತೋ. ಅನ್ನದ ಪೊಟ್ಟಣ ಕೊಳ್ಳುವಾಗ, ಬಸ್ಸಿನಲ್ಲಿ ಜಾಗ ಕೇಳುವಾಗ, ಹುಷಾರಿಲ್ಲ ಎಂದು ರಜೆ ಬರೆಯುವಾಗ ಅವುಗಳಲ್ಲಿ ಒಂದಾದರೂ ಕೆಲಸಕ್ಕೆ ಬರುವುದಿಲ್ಲ. ಆ ವಾರದ ನಾಲ್ಕನೆಯ ಪದ ಯುಬಿಕ್ವಿಟಸ್. ಎಲ್ಲಿ ನೋಡಿದರೂ ಇರುವಂಥದ್ದು ಎಂದು ಅರ್ಥ.

ನನಗೆ ಆ ಪದದ ಮೇಲೆ ಹಳೆಯ ಸಿಟ್ಟು. ನಮ್ಮ ಇಂಗ್ಲಿಷ್ ಪತ್ರಿಕೆಗಳಲ್ಲಿ ಬರೆಯುವವರಿಗೆ ಆಟೋ ಕಂಡರೆ ಸಾಕು, ಇದನ್ನು ಅದರ ಮುಂದೆ ಕಟ್ಟಿಬಿಡುತ್ತಾರೆ. ಕಾಗೆಗೂ ಅದೇ, ಚುನಾವಣೆಯ ಪೋಸ್ಟರಿಗೂ ಅದೇ, ಬೀದಿನಾಯಿಗೂ ಅದೇ. ಆದರೆ ತಮಗೆ ಬೇಕಾದ ವಸ್ತುವಿಗೆ ಯಾರೂ ಇದನ್ನು ಬಳಸಿದ್ದು ನಾನು ಕಂಡಿಲ್ಲ. ನೆರಳು ಎಲ್ಲೆಲ್ಲೂ ಇದೆ ಎಂದು ಯಾರೂ ಬರೆಯುವುದಿಲ್ಲ. ನೋಡಿ ನೋಡಿ ಸಾಕಾದದ್ದಕ್ಕೆ ಮಾತ್ರ ಈ ಪದ ಬರುತ್ತದೆ.

ಇಂಥದ್ದನ್ನು ನಲವತ್ತು ಮೂಕರಿಗೆ ಕಲಿಸಬೇಕಿತ್ತು. ಮೂಕರು ಎಂದರೆ ಹುಟ್ಟಿನಿಂದ ಅಲ್ಲ. ನಮ್ಮ ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಬಂದವರು ಮೊದಲ ಮೂರು ತಿಂಗಳು ಇಂಗ್ಲಿಷಿನ ಒಂದು ಶಬ್ದವನ್ನೂ ಬಾಯಿಂದ ಹೊರಡಿಸುವಂತಿಲ್ಲ ಎಂಬುದು ಸೀನಿಯರ್‌ಗಳ ಕಟ್ಟಳೆ. ಹುಡುಗಿಯರು ಎರಡು ಜಡೆ ಹೆಣೆದು ಉದ್ದ ಲಂಗ ತೊಡಬೇಕು, ಹುಡುಗರು ಬಚ್ಚಲ ಚಪ್ಪಲಿಯಲ್ಲೇ ತರಗತಿಗೆ ಬರಬೇಕು, ಎಲ್ಲರೂ ಒಂದೇ ಹಾಳೆಯ ಮೇಲೆ ಅನ್ನ ಸುರಿದುಕೊಂಡು ತಿನ್ನಬೇಕು. ನಮ್ಮ ಸಿಂಹಳದಲ್ಲಿ ಇಂಗ್ಲಿಷಿಗೆ 'ಕಡುವ' ಎನ್ನುತ್ತಾರೆ, ಕತ್ತಿ ಅಂತ. ಕತ್ತಿ ಇದ್ದವನು ಇಲ್ಲದವನನ್ನು ಕಡಿಯುತ್ತಾನೆ, ಆದ್ದರಿಂದ ಮೊದಲು ಕತ್ತಿ ಕಿತ್ತುಕೊಳ್ಳಬೇಕು, ಆಮೇಲೆ ಎಲ್ಲರೂ ಸಮಾನರು. ಕೇಳಲು ಚೆನ್ನಾಗಿಯೇ ಇದೆ. ನಿಕವೆರಟಿಯ ಕಡೆಯ ಹಳ್ಳಿಯಿಂದ ಇಲ್ಲಿಗೆ ಬಂದಾಗ ನನಗೂ ಚೆನ್ನಾಗಿಯೇ ಕಂಡಿತ್ತು. ಕೊಳಂಬೊದ ಹುಡುಗಿಯರು ನನ್ನ ಹಾಗೆಯೇ ಬಾಯಿ ಹೊಲಿದುಕೊಂಡು ಕೂತದ್ದನ್ನು ನೋಡಿ ಒಳಗೊಳಗೇ ಹಿಗ್ಗಿದ್ದೆ, ಸುಳ್ಳು ಯಾಕೆ ಹೇಳಲಿ.

ಕಟ್ಟಳೆ ಮೀರಿದವರನ್ನು 'ಅಲ' ಮಾಡುತ್ತಾರೆ. ಅಲ ಎಂದರೆ ಗೆಡ್ಡೆ. ಒಮ್ಮೆ ಗೆಡ್ಡೆಯಾದರೆ ನಾಲ್ಕು ವರ್ಷ ಗೆಡ್ಡೆಯೇ. ಯಾರೂ ಮಾತಾಡುವುದಿಲ್ಲ, ಪಕ್ಕದಲ್ಲಿ ಕೂರುವುದಿಲ್ಲ, ನೋಟ್ಸ್ ಕೊಡುವುದಿಲ್ಲ, ಜ್ವರ ಬಂದರೆ ಒಂದು ಲೋಟ ನೀರು ಕೊಡುವುದಿಲ್ಲ. ನನ್ನ ಹಾಸ್ಟೆಲ್ ಕೋಣೆಯಲ್ಲೇ ಒಬ್ಬಳಿದ್ದಳು. ಅವಳು ಬಂದು ಕೂತಾಗ ನಾನು ತಟ್ಟೆ ಎತ್ತಿಕೊಂಡು ಬೇರೆ ಕಡೆ ತಿರುಗಿ ಕೂತಿದ್ದೇನೆ. ಎರಡನೆಯ ಸೆಮಿಸ್ಟರಿಗೆ ಅವಳು ಇರಲಿಲ್ಲ. ಯಾರಾದರೂ ಕೇಳಿದರೆ ಅವಳ ಹೆಸರು ಮರೆತಿದೆ ಎನ್ನುತ್ತೇನೆ, ಮರೆತಿಲ್ಲ.

ಈಗ ನಾನು ಅದೇ ಜಾಗದಲ್ಲಿ ಗುತ್ತಿಗೆಯ ಇಂಗ್ಲಿಷ್ ಟೀಚರು, ಇನೋಕಾ ಮಿಸ್. ಡಿಸೆಂಬರಿಗೆ ಗುತ್ತಿಗೆ ಮುಗಿಯುತ್ತದೆ. ವಿದ್ಯಾರ್ಥಿ ಸಂಘದವರು ಒಂದು ಅರ್ಜಿ ಬರೆದರೆ ಅದು ಮತ್ತೆ ಮುಂದುವರಿಯುವುದಿಲ್ಲ.

ಆ ಸೋಮವಾರ ಪ್ರಶ್ನೆ ಕೇಳಿ ಕೇಳಿ ಗಂಟಲು ಒಣಗಿತು. ಮುಂದಿನ ಸಾಲಿನಲ್ಲಿ ಶೆನಾಲಿ, ಕೊಳಂಬೊದ ಕಾನ್ವೆಂಟಿನವಳು, ನನಗಿಂತ ಚೆನ್ನಾಗಿ ಇಂಗ್ಲಿಷ್ ಬರುವವಳು, ಡೆಸ್ಕಿನ ಮೇಲಿನ ಗೀರುಗಳನ್ನು ಎಣಿಸುತ್ತಿದ್ದಳು. ಹಿಂದಿನ ಕಿಟಕಿಯ ಪಕ್ಕ ಸೆವ್ವಂದಿ, ಸಿಯಂಬಲಾಂಡುವದ ಆಚೆಯ ಯಾವುದೋ ಹಳ್ಳಿಯವಳು, ಎಂದಿನಂತೆ ಹೊರಗೆ ನೋಡುತ್ತಿದ್ದಳು. ಹಾಜರಿ ಕರೆದಾಗ "ಇದೀನಿ ಮಿಸ್" ಎನ್ನುವುದನ್ನು ಬಿಟ್ಟು ಅವಳ ದನಿ ನಾನು ಕೇಳಿಯೇ ಇರಲಿಲ್ಲ. ಪ್ರವೇಶದ ಇಂಗ್ಲಿಷ್ ಪರೀಕ್ಷೆಯಲ್ಲಿ ಅವಳಿಗೆ ನೂರಕ್ಕೆ ಹನ್ನೊಂದು ಬಂದಿತ್ತು.

ನನಗೆ ರೇಗಿಹೋಯಿತು.

"ಬಾಯಿ ಬಿಡಬೇಡಿ, ಹೋಗ್ಲಿ. ಕೈಗೂ ಬೀಗ ಹಾಕಿದಾರಾ ನಿಮ್ಮ ಸೀನಿಯರ್ ಅಣ್ಣಂದ್ರು? ಒಂದೊಂದು ಚೀಟಿ ತಗೊಳ್ಳಿ. ಎಲ್ಲಿ ನೋಡಿದ್ರೂ ಇರೋ ಒಂದು ವಸ್ತು, ಈ ಪದ, ಒಂದು ವಾಕ್ಯ. ಹೆಸರು ಬೇಡ. ದೊಡ್ಡಕ್ಷರದಲ್ಲಿ ಬರೀರಿ, ಯಾರ ಕೈಬರಹ ಅಂತ ದೇವರಿಗೂ ಗೊತ್ತಾಗಬಾರ್ದು."

ಬರೆದರು. ಸ್ಟಾಫ್ ರೂಮಿನಲ್ಲಿ ಕೂತು ಓದಿದೆ. ನಾಯಿಗಳು ಕ್ಯಾಂಟೀನಿನಲ್ಲಿ ಯುಬಿಕ್ವಿಟಸ್. ಹಾಸ್ಟೆಲಿನಲ್ಲಿ ಬೇಳೆಸಾರು ಯುಬಿಕ್ವಿಟಸ್. ಕೋತಿ, ಸೊಳ್ಳೆ, ಧೂಳು, ಮತ್ತೆ ಬೇಳೆಸಾರು. ಮೂವತ್ತೊಂದನೆಯದೋ ಮೂವತ್ತೆರಡನೆಯದೋ ಚೀಟಿಗೆ ಬಂದಾಗ ಕೈ ನಿಂತಿತು. ಇಂಗ್ಲಿಷಿನಲ್ಲಿ ಹೀಗೆ ಬರೆದಿತ್ತು: ಸೀನಿಯರ್‌ಗಳು ಯುಬಿಕ್ವಿಟಸ್. ನಾನು ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡುವಾಗಲೂ ನನ್ನ ನಾಲಿಗೆಯ ಕೆಳಗೆ ಕೂತಿರುತ್ತಾರೆ.

ಆರು ವರ್ಷದಲ್ಲಿ ನನ್ನ ಕೈಗೆ ಬಂದ ಮೊದಲ ಜೀವಂತ ವಾಕ್ಯ ಅದು. ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿದೆ. ಯಾರಿಗಾದರೂ ತೋರಿಸಬೇಕು ಅನ್ನಿಸಿತು, ಇದು ನನ್ನ ತರಗತಿಯಲ್ಲಿ ಹುಟ್ಟಿದ್ದು ಎಂದು ಹೇಳಿಕೊಳ್ಳಬೇಕು ಅನ್ನಿಸಿತು. ಹತ್ತು ವಾಕ್ಯ ಆರಿಸಿ ಟೈಪು ಮಾಡಿದೆ. ನಾಲಿಗೆಯ ಕೆಳಗೆ ಕೂರುವುದು ಇಂಗ್ಲಿಷಿಗೆ ಒಗ್ಗುವುದಿಲ್ಲ ಎಂದು 'ನನ್ನ ಬಾಯಲ್ಲಿ ಇರುತ್ತಾರೆ' ಎಂದು ತಿದ್ದಿದೆ. ಚೀಟಿಗಳನ್ನೆಲ್ಲ ಹರಿದು ಬುಟ್ಟಿಗೆ ಹಾಕಿ, ಟೈಪಾದ ಹಾಳೆಯನ್ನು ವಿಭಾಗದ ಹೊರಗಿನ ನೋಟಿಸ್ ಬೋರ್ಡಿಗೆ ಚುಚ್ಚಿದೆ. ಬರೆದವಳು ಶೆನಾಲಿ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಹೆಸರಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಇಲ್ಲೇ ಓದಿ, ಇಲ್ಲೇ ಹೆದರಿ, ಇಲ್ಲೇ ಬೆಳೆದವಳಿಗೆ ಅಷ್ಟು ಬುದ್ಧಿ ಇರಲಿಲ್ಲ ನೋಡಿ.

ಬುಧವಾರ ಬೋರ್ಡಿನ ಮುಂದೆ ಮೂರನೆಯ ವರ್ಷದವರ ಗುಂಪು ನಿಂತಿತ್ತು. ಗುರುವಾರ ನಾನು ತರಗತಿಗೆ ಹೋದಾಗ ಶೆನಾಲಿಯ ಎಡಕ್ಕೂ ಬಲಕ್ಕೂ ಇದ್ದ ಕುರ್ಚಿಗಳು ಖಾಲಿ. ಹಿಂದಿನ ಸಾಲೂ ಖಾಲಿ. ಮೂವತ್ತೊಂಬತ್ತು ಜನ ಕೋಣೆಯ ಇನ್ನೊಂದು ಮೂಲೆಯಲ್ಲಿ ಒತ್ತಿಕೊಂಡು ಕೂತಿದ್ದರು. ಗಂಟೆ ಆದ ಮೇಲೆ ಅವಳನ್ನು ನಿಲ್ಲಿಸಿಕೊಂಡೆ.

"ಏನಾಯ್ತು?"

"ಏನಾಗುತ್ತೆ ಮಿಸ್, ಗೆಡ್ಡೆ ಆದೆ." ನಗಲು ನೋಡಿದಳು, ಆಗಲಿಲ್ಲ. "ನಿನ್ನೆಯಿಂದ ರೂಮಲ್ಲಿ ಯಾರೂ ಮಾತಾಡ್ತಿಲ್ಲ. ನನ್ನ ಬಕೆಟ್ ಹೊರಗಿಟ್ಟಿದಾರೆ."

"ನಾನು ಬೋರ್ಡಿಗೆ ಹಾಕಬಾರ್ದಿತ್ತು. ನೀನು ಅಷ್ಟು ಚೆನ್ನಾಗಿ ಬರೆದಿದ್ದೆ ಅಂತ..."

"ನಾನು ಬರೆದಿದ್ದಲ್ಲ ಅದು. ನಾನು ಬರೆದಿದ್ದು ಕಾಗೆ ಬಗ್ಗೆ."

"ನನ್ನ ಹತ್ರ ಹೇಳೋಕೇನು ಹೆದರಿಕೆ?"

"ಎಲ್ಲರೂ ಇದನ್ನೇ ಹೇಳ್ತಾರೆ. ಇಂಗ್ಲಿಷ್ ಬರೋದು ನಿಂಗೊಬ್ಬಳಿಗೇ, ಇನ್ಯಾರು ಬರೀತಾರೆ ಅಂತ. ನೀವೂ ಅದನ್ನೇ ಹೇಳ್ತೀರಾ ಮಿಸ್?" ಚೀಲ ಹೆಗಲಿಗೇರಿಸಿದಳು. "ಶನಿವಾರ ಅಪ್ಪ ಬರ್ತಾರೆ. ಸಾಮಾನು ಕಟ್ಟಿ ಇಟ್ಟಿದೀನಿ. ಬಿಟ್ಟುಬಿಡ್ತೀನಿ."

ನಾನು ನಂಬಲಿಲ್ಲ. ಹೆದರಿ ಸುಳ್ಳು ಹೇಳುತ್ತಿದ್ದಾಳೆ ಎಂದೇ ಅಂದುಕೊಂಡೆ. ಆದರೆ ಬರೆದವಳು ಯಾರಾದರೇನು, ಚುಚ್ಚಿದವಳು ನಾನು. ನೆಟ್ಟಗೆ ರತ್ನಾಯಕೆ ಮೇಡಂ ಕೋಣೆಗೆ ಹೋದೆ. ಅವರು ಶುಂಠಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು. ಕೇಳಿಸಿಕೊಂಡರು.

"ಆ ಹಾಳೆ ಇನ್ನೂ ಬೋರ್ಡಲ್ಲೇ ಇದೆಯಾ? ಮೊದಲು ಹೋಗಿ ಕೀಳಮ್ಮ."

"ಕಿತ್ತರೆ ಏನಾಗುತ್ತೆ ಮೇಡಂ, ಹುಡುಗಿ ಬಿಟ್ಟು ಹೋಗ್ತಿದಾಳೆ. ಇದಕ್ಕೆ ಕಾನೂನಿದೆ ಅಲ್ವಾ? ಕಂಪ್ಲೇಂಟ್ ಕೊಡೋಣ."

"ಕೊಡು. ಕೊಟ್ರೆ ವಿಚಾರಣೆ, ವಿಚಾರಣೆ ಆದ್ರೆ ಸ್ಟ್ರೈಕು, ಸ್ಟ್ರೈಕಾದ್ರೆ ಮೂರು ತಿಂಗಳು ಗೇಟು ಬಂದ್. ಆ ಹುಡುಗಿ ಹೊಡೆದ್ರು ಬಡಿದ್ರು ಅಂತ ಹೇಳ್ತಾಳಾ? ಮಾತಾಡಿಸಲಿಲ್ಲ ಅಂತ ಯಾರ ಮೇಲೆ ಕೇಸ್ ಹಾಕ್ತೀಯ?" ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು. ಚಮಚದಿಂದ ಅದನ್ನು ತೆಗೆಯುತ್ತಾ ಕೇಳಿದರು, "ನಿನ್ನ ಗುತ್ತಿಗೆ ಡಿಸೆಂಬರಿಗಲ್ವಾ?"

ಆ ಸಂಜೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಡಿಗೆ ಕೋಣೆಯಿಂದ ಕೆರೆ ಏರಿಯವರೆಗೆ ನಡೆದೆ, ವಾಪಸು ಬಂದೆ, ಮತ್ತೆ ನಡೆದೆ. ಅನ್ನಕ್ಕಿಟ್ಟು ಮರೆತು ತಳ ಹಿಡಿಸಿದೆ. ಪುಸ್ತಕ ತೆಗೆದರೆ ಅದೇ ಸಾಲನ್ನು ನಾಲ್ಕು ಸಲ ಓದುತ್ತಿದ್ದೆ. ಏರಿಯ ಮೇಲೆ ಎದುರಾದ ವಿದ್ಯಾರ್ಥಿಗಳು "ಮಿಸ್" ಎಂದು ತಲೆಬಾಗಿ ಹೋಗುತ್ತಿದ್ದರು, ನನಗೆ ಪ್ರತಿಯೊಬ್ಬರೂ ಹಿಂದಿರುಗಿ ನೋಡಿದಂತೆ ಅನ್ನಿಸುತ್ತಿತ್ತು. ಮೂವತ್ತೆರಡು ವರ್ಷದ ಹೆಂಗಸು, ಸಂಬಳ ಎಣಿಸಿಕೊಳ್ಳುವ ಟೀಚರು, ನಾನೂ ಅವರಿಗೇ ಹೆದರುತ್ತಿದ್ದೆ. ನಾಚಿಕೆಯಾಯಿತು. ಅಂದು ಹಾಸ್ಟೆಲಿನಲ್ಲಿ ತಟ್ಟೆ ಎತ್ತಿಕೊಂಡು ತಿರುಗಿ ಕೂತವಳು ಇನ್ನೂ ಎದ್ದೇ ಇಲ್ಲ ಅನ್ನಿಸಿತು.

ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜುವಾಗ ಉಪಾಯ ಹೊಳೆಯಿತು. ಆ ವಾಕ್ಯ ನನ್ನದೇ ಎಂದುಬಿಡುವುದು. ಉದಾಹರಣೆಗೆಂದು ಟೀಚರೇ ಬರೆದದ್ದು, ಮಕ್ಕಳದ್ದಲ್ಲ. ಚೀಟಿ ಬುಟ್ಟಿಗೆ ಹೋಗಿದೆ, ಸಾಕ್ಷಿ ಇಲ್ಲ. ಹುಡುಗಿ ಉಳಿಯುತ್ತಾಳೆ, ಸಿಟ್ಟು ನನ್ನ ಮೇಲೆ ತಿರುಗುತ್ತದೆ, ತಿರುಗಲಿ. ಗುತ್ತಿಗೆ ಹೋದರೆ ಅಮ್ಮನಿಗೆ ಏನಾದರೊಂದು ಹೇಳಿದರಾಯಿತು.

ಊಟದ ಹೊತ್ತಿಗೆ ಕ್ಯಾಂಟೀನಿಗೆ ಹೋದೆ. ಟೀಚರುಗಳು ಹೋಗುವ ಜಾಗವಲ್ಲ ಅದು. ಮಧ್ಯದ ಮೇಜಿನಲ್ಲಿ ತಿವಂಕ ಕೂತಿದ್ದ. ಮೂರನೆಯ ವರ್ಷದವನು, ಸಂಘದ ಕಾರ್ಯದರ್ಶಿ. ಕೆಟ್ಟವನು ಎಂದರೆ ಪಾಪ ಬಂದೀತು. ಭಾರದ ಚೀಲ ಹೊತ್ತು ಹೋಗುವ ಟೀಚರನ್ನು ಕಂಡರೆ ಓಡಿಬಂದು ಇಸಿದುಕೊಳ್ಳುವವನು, ಬಡಹುಡುಗರಿಗೆ ಪುಸ್ತಕ ಕೊಡಿಸುವವನು. ನನ್ನ ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದವನು ಕೂಡ. ಗೋಡೆಯ ಪಕ್ಕ ಮೊದಲ ವರ್ಷದ ಹುಡುಗಿಯರು ಹಾಳೆ ಹಾಸಿ ಅನ್ನ ಸುರಿದುಕೊಂಡು ಸುತ್ತ ಕೂತಿದ್ದರು. ಶೆನಾಲಿ ಬಾಗಿಲ ಬಳಿ ಒಬ್ಬಳೇ, ಮೀನಿನ ಬನ್ನು ಕೈಯಲ್ಲಿ ಹಿಡಿದು ತಿನ್ನದೆ ಕೂತಿದ್ದಳು.

ತಿವಂಕ ಎದ್ದು ನಿಂತ. "ಮಿಸ್! ಏನ್ ಮಿಸ್ ಇಲ್ಲಿಗೆ ಬಂದ್ಬಿಟ್ರಿ? ಚಹಾ ಹೇಳ್ಲಾ?"

"ಚಹಾ ಬೇಡ. ಒಂದು ಮಾತು ಹೇಳೋಕೆ ಬಂದೆ." ನನ್ನ ದನಿ ಇಡೀ ಕ್ಯಾಂಟೀನಿಗೆ ಕೇಳಿಸುವಷ್ಟು ಜೋರಾಗಿತ್ತು, ಅದು ನಡುಗಬಾರದೆಂದು ಹಾಗೆ ಮಾಡಿದೆ. "ಬೋರ್ಡ್ ಮೇಲಿದ್ದ ಆ ವಾಕ್ಯ ನಾನು ಬರೆದಿದ್ದು. ಸೀನಿಯರ್‌ಗಳ ಬಗ್ಗೆ ಇತ್ತಲ್ಲ, ಅದು. ಮಕ್ಕಳು ಯಾರೂ ಬರೆದಿಲ್ಲ. ಏನಿದ್ರೂ ನನ್ನ ಹತ್ರ ಮಾತಾಡಿ."

ತಿವಂಕ ನನ್ನನ್ನು ನೋಡಿದ, ಶೆನಾಲಿಯ ಕಡೆ ನೋಡಿದ, ಮತ್ತೆ ನನ್ನನ್ನು ನೋಡಿದ. ನಂಬಿದನೋ ಇಲ್ಲವೋ, ಅವನಿಗೂ ಹೊರಗೆ ಬರಲು ಒಂದು ದಾರಿ ಬೇಕಿತ್ತು ಅನ್ನಿಸುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಮಿಸ್ಸೇ ಬರೆದ್ರಾ! ಮೊದಲೇ ಹೇಳೋದಲ್ವಾ ಮಿಸ್? ಟೀಚರ್ ಏನು ಬೇಕಾದ್ರೂ ಬರೀಬಹುದು. ನಾವು ಸುಮ್ನೆ ಆ ನಂಗಿ ಮೇಲೆ ಅನುಮಾನ ಪಟ್ವಿ." ನಂಗಿ ಎಂದರೆ ತಂಗಿ, ಜೂನಿಯರ್ ಹುಡುಗಿಯರನ್ನೆಲ್ಲ ಹಾಗೇ ಕರೆಯುತ್ತಾರೆ. "ಏ ಶೆನಾಲಿ ನಂಗಿ, ಅಲ್ಯಾಕೆ ಕೂತಿದೀಯಾ? ಹೋಗು, ಎಲ್ಲರ ಜೊತೆ ಕೂತು ಊಟ ಮಾಡು."

ಅಷ್ಟೇ. ಅಷ್ಟು ಸಲೀಸು. ನನ್ನ ಮೈಯೆಲ್ಲ ಹಗುರಾಯಿತು, ನನ್ನ ಧೈರ್ಯದ ಮೇಲೆ ನನಗೇ ಪ್ರೀತಿ ಬಂತು. ಶೆನಾಲಿ ಎದ್ದು ನಿಂತಿದ್ದಳು. ಹಾಳೆಯ ಸುತ್ತ ಕೂತಿದ್ದವರು ಜರುಗಿ ಜಾಗ ಮಾಡಿದರು.

ಆಗ ಅವರ ನಡುವಿನಿಂದ ಸೆವ್ವಂದಿ ಎದ್ದಳು. ಅನ್ನ ಮೆತ್ತಿದ ಕೈಯನ್ನು ಲಂಗಕ್ಕೆ ತಾಗದಂತೆ ಎತ್ತಿ ಹಿಡಿದಿದ್ದಳು.

"ಮಿಸ್ ಸುಳ್ಳು ಹೇಳ್ತಿದಾರೆ," ಎಂದಳು. "ಅದು ನಾನು ಬರೆದಿದ್ದು."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಮಧ್ಯದ ಮೇಜಿನಿಂದ ನಗು ಶುರುವಾಗಿ ಎಲ್ಲ ಕಡೆ ಹಬ್ಬಿತು.

"ನೀನಾ?" ತಿವಂಕ ನಗುತ್ತಲೇ ಕೇಳಿದ, ಅವನ ನಗುವಿನಲ್ಲಿ ವಿಷವಿರಲಿಲ್ಲ. "ನಂಗಿ, ನಿಮ್ಮೂರಿಗೆ ಕರೆಂಟ್ ಬಂದಿದ್ದೇ ಹೋದ್ ವರ್ಷ ಅಂತ ನೀನೇ ಹೇಳಿದ್ದೆ. ಇಂಗ್ಲಿಷ್ ಯಾವ ಬಸ್ಸಲ್ಲಿ ಬಂತು?"

"ಮಿಸ್‌ನ ಕಾಪಾಡೋಕೆ ಹೊರಟಿದಾಳೆ ಕಣೋ," ಎಂದಳು ಪಕ್ಕದ ಸೀನಿಯರ್ ಹುಡುಗಿ. "ಪಾಪ, ಒಳ್ಳೆ ಹುಡುಗಿ."

ಸೆವ್ವಂದಿಯ ಕಿವಿ ಕೆಂಪಾಗಿತ್ತು. ನೆಲ ನೋಡಿಕೊಂಡು, ಪರೀಕ್ಷೆಯಲ್ಲಿ ಬಾಯಿಪಾಠ ಒಪ್ಪಿಸುವವಳಂತೆ, ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಎಲ್ಲರ ಮುಂದೆ, ಕಟ್ಟಳೆ ಮುರಿದು. ಒಂದೊಂದು ಪದವೂ ಕಲ್ಲು ಎತ್ತಿಟ್ಟ ಹಾಗೆ ಬಂತು. ಯುಬಿಕ್ವಿಟಸ್ ಎನ್ನುವಲ್ಲಿ ಎರಡು ಸಲ ತಡವರಿಸಿದಳು, ನಗು ಮತ್ತೂ ಜೋರಾಯಿತು. ಅವಳು ನಿಲ್ಲಿಸಲಿಲ್ಲ. ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡುವಾಗಲೂ, ಎಂದಳು. ನನ್ನ ನಾಲಿಗೆಯ ಕೆಳಗೆ ಕೂತಿರುತ್ತಾರೆ, ಎಂದಳು.

ಬೋರ್ಡಿನ ಮೇಲೆ ಇದ್ದದ್ದು 'ಬಾಯಲ್ಲಿ'. ನಾಲಿಗೆಯ ಕೆಳಗೆ ಎಂಬುದನ್ನು ಕಂಡವಳು ನಾನೊಬ್ಬಳೇ, ಹರಿದು ಬುಟ್ಟಿಗೆ ಹಾಕಿದವಳೂ ನಾನೇ. ಹನ್ನೊಂದು ಅಂಕದ ಹುಡುಗಿ. ಕಿಟಕಿಯ ಹೊರಗೆ ನೋಡುವ ಹುಡುಗಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದವರು ಇವರಷ್ಟೇ ಅಲ್ಲ, ನಾನೂ.

"ನೋಡಿ ಮಿಸ್, ಸರಿಯಾಗಿ ಬಾಯಿಪಾಠಾನೂ ಆಗಿಲ್ಲ. ಬೋರ್ಡಲ್ಲಿ ಇದ್ದದ್ದೇ ಬೇರೆ," ಎಂದ ತಿವಂಕ. ನಗು ನಿಲ್ಲಿಸಿ ಸ್ವಲ್ಪ ಮುಂದೆ ಬಾಗಿದ. "ಆದ್ರೂ ಕೇಳಿಬಿಡ್ತೀನಿ. ಇಂಗ್ಲಿಷ್ ಮಾತಾಡಿದಾಳೆ, ತಾನೇ ಬರೆದೆ ಅಂತಿದಾಳೆ. ನಿಜ ಆಗಿದ್ರೆ ನಾವು ಸುಮ್ನಿರೋಕಾಗಲ್ಲ. ನೀವೇ ಹೇಳಿ ಮಿಸ್. ಇವಳಿಗೆ ಅಂಥದ್ದು ಬರೆಯೋಕೆ ಬರುತ್ತಾ?"

ಸೆವ್ವಂದಿ ತಲೆ ಎತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಉತ್ತರ ಗೊತ್ತಿರುವ ಮಗು ಟೀಚರ್ ಸರಿ ಎನ್ನುವುದನ್ನು ಕಾಯುವಂತೆ ಕಾಯುತ್ತಿದ್ದಳು, ಅಷ್ಟೇ.

ಹೌದು ಎಂದರೆ ಇವಳು ನಾಲ್ಕು ವರ್ಷ ಗೆಡ್ಡೆ. ಶೆನಾಲಿಗೆ ಹೊರಡಲು ಅಪ್ಪನ ಕಾರಿದೆ, ಇವಳಿಗೆ ಇಲ್ಲಿಂದ ಹೋದರೆ ಮತ್ತೆ ಬರುವ ದಾರಿ ಇಲ್ಲ. ಇದೆಲ್ಲ ನಾನು ಯೋಚಿಸಿದ್ದು ನಿಜ. ಆಗತಾನೇ ಇಡೀ ಕ್ಯಾಂಟೀನಿನ ಮುಂದೆ ಧೀರಳಾದವಳು ಸುಳ್ಳಿಯಾಗಿ ಹೊರಗೆ ನಡೆಯಬೇಕಲ್ಲ ಎಂದು ಯೋಚಿಸಿದ್ದೂ ನಿಜ. ಯಾವುದು ಮೊದಲು ಬಂತು, ಯಾವುದು ಆಮೇಲೆ ಎಂದು ಇವತ್ತಿಗೂ ನನ್ನನ್ನು ಕೇಳಬೇಡಿ.

"ಇಲ್ಲ," ಎಂದೆ. "ಇವಳಿಗೆ ಬರೋದಿಲ್ಲ."

"ಅಷ್ಟೇ ತಾನೇ. ಕೂತ್ಕೋ ನಂಗಿ, ಅನ್ನ ಆರುತ್ತೆ," ಎಂದ ತಿವಂಕ, ನಿಜವಾದ ಅಕ್ಕರೆಯಿಂದ. ಅವಳು ಇನ್ನೂ ಒಂದೆರಡು ಕ್ಷಣ ನಿಂತಿದ್ದಳು. ಕೈಯ ಮೇಲಿನ ಅನ್ನ ಒಣಗಿತ್ತು. ಆಮೇಲೆ ಕೂತಳು.

ಶನಿವಾರ ಶೆನಾಲಿಯ ಅಪ್ಪ ಬಂದವರು ಮಗಳಿಗೆ ಕೇಕು ಕೊಟ್ಟು ಹಿಂದಿರುಗಿದರು. ಬಕೆಟ್ ಮತ್ತೆ ಕೋಣೆಯೊಳಗೆ ಹೋಯಿತು. ಸಂಘದವರು ನನ್ನ ಮೇಲೆ ಅರ್ಜಿ ಬರೆಯಲಿಲ್ಲ, "ಇನೋಕಾ ಮಿಸ್ ನೇರ ಮನುಷ್ಯೆ" ಎಂದು ತಿವಂಕ ಹೇಳಿಕೊಂಡು ತಿರುಗಿದನಂತೆ. ಡಿಸೆಂಬರಿನಲ್ಲಿ ಗುತ್ತಿಗೆ ಎರಡು ವರ್ಷಕ್ಕೆ ಮುಂದುವರಿಯಿತು. ರತ್ನಾಯಕೆ ಮೇಡಂ ತಾವೇ ಕರೆದು ಕಾಗದ ಕೊಟ್ಟರು.

ನಾನು ಸೆವ್ವಂದಿಯನ್ನು ಒಬ್ಬಳೇ ಸಿಕ್ಕಾಗ ಮಾತಾಡಿಸಬೇಕೆಂದು ವಾರಗಟ್ಟಲೆ ಕಾದೆ. ಅವಳು ಒಬ್ಬಳೇ ಸಿಗಲಿಲ್ಲ, ಹಾಗೆ ನೋಡಿಕೊಂಡಳು. ತರಗತಿಗೆ ಒಂದು ದಿನವೂ ತಪ್ಪಿಸಲಿಲ್ಲ. ಪ್ರತಿ ಸೋಮವಾರ ಹೊಸ ಹತ್ತು ಪದ ಬರುತ್ತಿದ್ದವು, ಎಲ್ಲರೂ ಚೀಟಿ ಬರೆಯುತ್ತಿದ್ದರು. ನಲವತ್ತರಲ್ಲಿ ಒಂದು ಚೀಟಿ ಖಾಲಿ ಇರುತ್ತಿತ್ತು.

ಮೂರು ತಿಂಗಳು ಮುಗಿದವು. ಜಡೆ ಬಿಚ್ಚಿದರು, ಬೂಟು ಹಾಕಿದರು, ಕಟ್ಟಳೆ ಎದ್ದುಹೋಯಿತು. ಈಗ ಯಾರು ಬೇಕಾದರೂ ಇಂಗ್ಲಿಷ್ ಮಾತಾಡಬಹುದಿತ್ತು. ಒಂದು ಬೆಳಿಗ್ಗೆ ಎಲ್ಲರೂ ಒಂದೊಂದು ವಾಕ್ಯ ಜೋರಾಗಿ ಹೇಳುವ ಪಾಠ. ಸರದಿ ಸಾಲು ಸಾಲಾಗಿ ಸಾಗಿ ಕಿಟಕಿಯ ಬಳಿಗೆ ಬಂತು.

"ಸೆವ್ವಂದಿ," ಎಂದೆ, "ನೀನು ಹೇಳು. ತಪ್ಪಾದ್ರೂ ಪರವಾಗಿಲ್ಲ. ನಿಂಗೆ ಬರುತ್ತೆ, ನಂಗೊತ್ತು."

ಅವಳು ಎದ್ದು ನಿಂತಳು. ಮರ್ಯಾದೆಯಾಗಿ, ಕೈ ಮುಂದೆ ಕಟ್ಟಿಕೊಂಡು, ನಮ್ಮ ಸಿಂಹಳದಲ್ಲೇ ಹೇಳಿದಳು.

"ನಂಗೆ ಬರೋದಿಲ್ಲ ಮಿಸ್. ಕ್ಯಾಂಟೀನಲ್ಲಿ ಎಲ್ಲರ ಮುಂದೆ ನೀವೇ ಹೇಳಿದ್ರಲ್ಲ."